ಶಾಲಾ ಧ್ವನಿಮುದ್ರಣಕ್ಕೆ ಮಿತವೆಚ್ಚದ ಆಡಿಯೊ ಇಂಟರ್‌ಫೇಸ್: ಆಯ್ಕೆ ಮತ್ತು ಬಳಕೆ

ಗಡಿಯಾಚೆಯ ಕನ್ನಡ ಶಾಲೆಗಳ ಮಕ್ಕಳಿಗೆ ಕನ್ನಡವನ್ನು ಓದುವ ಅವಕಾಶಕ್ಕಿಂತ ಕೇಳುವ ಅವಕಾಶ ಕಡಿಮೆ. ಕಾಸರಗೋಡಿನ ಪೇಟೆಯಲ್ಲಿ ಮಲಯಾಳ, ಅಕ್ಕಲಕೋಟೆಯ ಬಸ್ ನಿಲ್ದಾಣದಲ್ಲಿ ಮರಾಠಿ, ತಾಳವಾಡಿಯ ಕಚೇರಿಯಲ್ಲಿ ತಮಿಳು, ಮಡಕಶಿರಾದ ಸಂತೆಯಲ್ಲಿ ತೆಲುಗು ಕಿವಿಗೆ ಬೀಳುತ್ತವೆ. ಇಂತಹ ಪರಿಸರದಲ್ಲಿ ತರಗತಿಯ ವಾಚನ, ಪದ್ಯಗಾಯನ ಮತ್ತು ಕಥನಗಳೇ ಮಗುವಿಗೆ ಶಿಷ್ಟ ಕನ್ನಡದ ಮುಖ್ಯ ಶ್ರವಣ ಮಾದರಿಗಳಾಗುತ್ತವೆ. ಶಿಕ್ಷಕರ ಅಥವಾ ಊರಿನ ಉತ್ತಮ ಗಾಯಕರ ಧ್ವನಿಯನ್ನು ಮುದ್ರಿಸಿಟ್ಟುಕೊಂಡರೆ ಆ ಮಾದರಿ ಮತ್ತೆ ಮತ್ತೆ ದೊರೆಯುತ್ತದೆ.

ಮುದ್ರಣಕ್ಕೆ ಮತ್ತೊಂದು ಕಾರಣವೂ ಇದೆ. ಹಲಸಂಗಿಯ ಗೆಳೆಯರು ಸಂಗ್ರಹಿಸಿದ ‘ಗರತಿಯ ಹಾಡು’ 1931ರಲ್ಲಿ ಪ್ರಕಟವಾಯಿತು. ಹೆಣ್ಣುಮಕ್ಕಳ ಬೀಸುವ ಪದಗಳ, ಜೋಗುಳಗಳ ಮಾತು ಅದರಿಂದ ಉಳಿಯಿತು. ಆದರೆ ಬೀಸುಗಲ್ಲಿನ ತಿರುವಿಗೆ ಹೊಂದಿಕೊಂಡು ಬರುವ ಧಾಟಿ, ಉಸಿರು, ಎಳೆತಗಳನ್ನು ಅಚ್ಚಿನ ಪುಟ ಹಿಡಿದಿಡಲಾರದು. ಜತ್ತ, ಸೊಲ್ಲಾಪುರ, ರಾಯದುರ್ಗಗಳ ಕಡೆಯ ಹಳ್ಳಿಗಳಲ್ಲಿ ಅಂತಹ ಹಾಡು ಬಲ್ಲ ಅಜ್ಜಿಯರು ಇಂದು ವಯಸ್ಸಾದವರು. ಅವರ ಹಾಡನ್ನು ಕೆಟ್ಟ ಮುದ್ರಣದಲ್ಲಿ ಹಿಡಿದರೆ ಮತ್ತೊಮ್ಮೆ ಹಾಡಿಸುವ ಅವಕಾಶ ಸಿಗುತ್ತದೆಂಬ ಭರವಸೆಯಿಲ್ಲ. ಆದ್ದರಿಂದ ಕಡಿಮೆ ಹಣದಲ್ಲಿ ತಕ್ಕ ಸಾಧನವನ್ನು ಆರಿಸುವುದು ಹೇಗೆಂಬುದು ಕನ್ನಡ ಶಿಕ್ಷಕರಿಗೆ ಉಪಯುಕ್ತವಾದ ತಿಳಿವಳಿಕೆ.

ಮೊಬೈಲ್ ಸಾಲದೇ?

ಪಾಠದ ಸೂಚನೆ, ಸಭೆಯ ವರದಿ, ಮಕ್ಕಳ ಸಂಭಾಷಣೆ ಇವುಗಳಿಗೆ ಮೊಬೈಲ್ ಸಾಕು. ಹಾಡಿಗೆ ಬಂದಾಗ ತೊಡಕು ಆರಂಭವಾಗುತ್ತದೆ. ಅನೇಕ ಮೊಬೈಲ್‌ಗಳು ಮಾತನ್ನು ಸ್ಪಷ್ಟಗೊಳಿಸುವ ಉದ್ದೇಶದಿಂದ ಧ್ವನಿಯ ಮಟ್ಟವನ್ನು ತಾವೇ ಏರಿಳಿಸುತ್ತವೆ. ಒಂದೇ ಸಮನೆ ಕೇಳುವ ಸದ್ದನ್ನು ಗದ್ದಲವೆಂದು ಭಾವಿಸಿ ಅಳಿಸಲು ಯತ್ನಿಸುತ್ತವೆ. ತಂಬೂರಿಯ ಶ್ರುತಿಯೂ ಒಂದೇ ಸಮನೆಯ ಸದ್ದೇ ಆದ್ದರಿಂದ ಅದು ಮುದ್ರಣದಲ್ಲಿ ಮಂಕಾಗಿ ಅಲುಗಾಡುತ್ತದೆ. ಹಾಡುಗಾರರು ಉಸಿರಿಗಾಗಿ ನಿಂತಾಗ ಮಟ್ಟ ತಾನಾಗಿ ಏರಿ ಫ್ಯಾನಿನ ಸದ್ದು ಮುಂದೆ ಬರುತ್ತದೆ.

ಉಚ್ಚಾರಣೆಯ ಬೋಧನೆಗೂ ಇದು ಸಂಬಂಧಿಸಿದ ವಿಷಯ. ಸ, ಶ, ಷ ಧ್ವನಿಗಳನ್ನು ಪ್ರತ್ಯೇಕಿಸುವ ಸೂಕ್ಷ್ಮ ಸುಳಿವುಗಳು ಬಹುಮಟ್ಟಿಗೆ ಎತ್ತರದ ಆವರ್ತನಗಳಲ್ಲಿರುತ್ತವೆ. ಹಳೆಯ ದೂರವಾಣಿ ಮಾರ್ಗಗಳು ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಧ್ವನಿಯನ್ನು ಮಾತ್ರ ಸಾಗಿಸುತ್ತಿದ್ದುದರಿಂದಲೇ ಅವುಗಳಲ್ಲಿ ‘ಸ’ಕಾರ ಮಸುಕಾಗಿ ಕೇಳುತ್ತಿತ್ತು. ತಮಿಳು ಲಿಪಿಯಲ್ಲಿ ಅಲ್ಪಪ್ರಾಣ, ಮಹಾಪ್ರಾಣಗಳಿಗೆ ಬೇರೆ ಬೇರೆ ಅಕ್ಷರಗಳಿಲ್ಲ. ಹೊಸೂರು, ತಾಳವಾಡಿಗಳ ಮಗುವಿಗೆ ‘ಕಲೆ’ಗೂ ‘ಖಳ’ಕ್ಕೂ ಇರುವ ಅಂತರವನ್ನು ಕಿವಿಯಿಂದಲೇ ಕಲಿಸಬೇಕಾಗುತ್ತದೆ. ಮಾದರಿ ಧ್ವನಿಯೇ ಮಸುಕಾಗಿದ್ದರೆ ಮಗು ಕಲಿಯುವುದೂ ಮಸುಕೇ.

ಇಂಟರ್‌ಫೇಸ್ ಮಾಡುವ ಕೆಲಸ

ಆಡಿಯೊ ಇಂಟರ್‌ಫೇಸ್ ಎಂಬುದು ಮೈಕ್ ಮತ್ತು ಕಂಪ್ಯೂಟರ್‌ಗಳ ನಡುವೆ ಇರುವ ಸಣ್ಣ ಪೆಟ್ಟಿಗೆ. ಅದು ನಾಲ್ಕು ಕೆಲಸಗಳನ್ನು ಮಾಡುತ್ತದೆ. ಮೊದಲನೆಯದಾಗಿ, ಮೈಕ್‌ನಿಂದ ಬರುವ ಅತಿ ಕ್ಷೀಣವಾದ ವಿದ್ಯುತ್ ಸಂಕೇತವನ್ನು ಬಲಪಡಿಸುತ್ತದೆ. ಎರಡನೆಯದಾಗಿ, ಆ ಸಂಕೇತವನ್ನು ಸೆಕೆಂಡಿಗೆ ಸಾವಿರಾರು ಬಾರಿ ಅಳೆದು ಅಂಕಿಗಳಾಗಿ ಪರಿವರ್ತಿಸಿ ಯುಎಸ್‌ಬಿ ತಂತಿಯ ಮೂಲಕ ಕಂಪ್ಯೂಟರ್‌ಗೆ ಕಳುಹಿಸುತ್ತದೆ. ಮೂರನೆಯದಾಗಿ, ಕಂಪ್ಯೂಟರ್‌ನಲ್ಲಿರುವ ಅಂಕಿಗಳನ್ನು ಮತ್ತೆ ಧ್ವನಿಯಾಗಿಸುತ್ತದೆ. ನಾಲ್ಕನೆಯದಾಗಿ, ಆ ಧ್ವನಿಯನ್ನು ಹೆಡ್‌ಫೋನ್‌ಗೆ ಒದಗಿಸುತ್ತದೆ. ಇದರಲ್ಲಿ ಸ್ವಯಂಚಾಲಿತ ಏರಿಳಿತವನ್ನು ಹೇರುವವರು ಯಾರೂ ಇಲ್ಲ; ಮಟ್ಟವನ್ನು ನಿಗದಿಪಡಿಸುವವರು ಶಿಕ್ಷಕರೇ. ಮೊಬೈಲ್‌ಗಿಂತ ಇದು ಮೇಲೆನಿಸುವುದು ಮುಖ್ಯವಾಗಿ ಈ ಕಾರಣಕ್ಕೆ.

ಒಬ್ಬರೇ ಓದುವ ಪಾಠಗಳನ್ನಷ್ಟೇ ಮುದ್ರಿಸುವ ಉದ್ದೇಶವಿದ್ದರೆ ಇಂಟರ್‌ಫೇಸ್ ಅಗತ್ಯವಿಲ್ಲ. ನೇರವಾಗಿ ಕಂಪ್ಯೂಟರ್‌ಗೆ ಜೋಡಿಸುವ ಯುಎಸ್‌ಬಿ ಮೈಕ್ ಸಾಕು. ಅದರೊಳಗೆ ಈ ಪೆಟ್ಟಿಗೆಯ ಕೆಲಸ ಅಡಗಿರುತ್ತದೆ. ಆದರೆ ಮುಂದೆ ಎರಡನೆಯ ಮೈಕ್ ಬೇಕಾದಾಗ ಅದು ನೆರವಾಗದು. ಹಾಡುಗಾರ ಮತ್ತು ವಾದ್ಯ, ಕಥೆಗಾರ ಮತ್ತು ಪ್ರಶ್ನಿಸುವ ಮಗು, ಹೀಗೆ ಎರಡು ಮೂಲಗಳು ಬರುವ ಸಾಧ್ಯತೆಯಿದ್ದರೆ ಇಂಟರ್‌ಫೇಸನ್ನೇ ಕೊಳ್ಳುವುದು ಲೇಸು.

ಎಷ್ಟು ಮೈಕ್‌ಗಳು?

ಕೊಳ್ಳುವವರು ಹೆಚ್ಚಾಗಿ ಎಡವುವುದು ಇಲ್ಲಿ. ಪೆಟ್ಟಿಗೆಯ ಮೇಲೆ ‘ಎರಡು ಇನ್‌ಪುಟ್’ ಎಂದು ಬರೆದಿದ್ದ ಮಾತ್ರಕ್ಕೆ ಎರಡು ಮೈಕ್‌ಗಳನ್ನು ಜೋಡಿಸಬಹುದೆಂದು ಅರ್ಥವಲ್ಲ. ಬೆರಿಂಗರ್ ಕಂಪನಿಯ ಯುಎಂ2, ಯುಎಂಸಿ22 ಮಾದರಿಗಳಲ್ಲಿ, ಫೋಕಸ್‌ರೈಟ್ ಸ್ಕಾರ್ಲೆಟ್ ಸೋಲೊ ಮತ್ತು ಎಂ-ಆಡಿಯೊ ಎಂ-ಟ್ರ್ಯಾಕ್ ಸೋಲೊಗಳಲ್ಲಿ ಎರಡು ಇನ್‌ಪುಟ್‌ಗಳಿದ್ದರೂ ಮೈಕ್‌ಗೆ ಮೀಸಲಾದುದು ಒಂದೇ. ಇನ್ನೊಂದು ಗಿಟಾರ್‌ನಂತಹ ವಿದ್ಯುತ್ ವಾದ್ಯಕ್ಕೆ ಅಥವಾ ಬೇರೆ ಉಪಕರಣದ ಸಂಕೇತಕ್ಕೆ ಇರುವಂಥದು. ಯುಎಂಸಿ202 ಎಚ್‌ಡಿ, ಸ್ಕಾರ್ಲೆಟ್ 2ಐ2, ಎಂ-ಟ್ರ್ಯಾಕ್ ಡ್ಯುಯೊ, ಆಡಿಯೆಂಟ್ ಇವೊ 4 ಮಾದರಿಗಳಲ್ಲಿ ಎರಡು ಮೈಕ್‌ಗಳಿಗೆ ಅವಕಾಶವಿದೆ. ಮೂರು ತೂತುಗಳುಳ್ಳ ದುಂಡನೆಯ ಎಕ್ಸ್‌ಎಲ್‌ಆರ್ ಕಿಂಡಿಗಳು ಎಷ್ಟಿವೆ ಎಂದು ಎಣಿಸುವುದೇ ಸುಲಭವಾದ ಪರೀಕ್ಷೆ.

ಶಾಲೆಯ ಬಳಕೆಗೆ ಎರಡು ಮೈಕ್‌ಗಳ ಸಾಧನ ಸಾಮಾನ್ಯವಾಗಿ ಸಾಕಾಗುತ್ತದೆ. ಕಾಸರಗೋಡು ಸೀಮೆಯ ಯಕ್ಷಗಾನದ ಪದ್ಯವೊಂದನ್ನು ಮುದ್ರಿಸುವಾಗ ಭಾಗವತರ ಮುಂದೆ ಒಂದು ಮೈಕ್, ಚೆಂಡೆ ಮದ್ದಳೆಗಳಿಗೆ ಸ್ವಲ್ಪ ದೂರದಲ್ಲಿ ಇನ್ನೊಂದು ಮೈಕ್ ಇಟ್ಟರೆ ಎರಡನ್ನೂ ಬೇರೆ ಬೇರೆ ಪಟ್ಟಿಗಳಲ್ಲಿ ಪಡೆಯಬಹುದು. ಚೆಂಡೆ ಜೋರಾಗಿ ಕೇಳಿದರೆ ಆ ಪಟ್ಟಿಯನ್ನಷ್ಟೇ ತಗ್ಗಿಸಿದರಾಯಿತು. ಒಂದೇ ಮೈಕ್‌ನಲ್ಲಿ ಬೆರೆತುಹೋದ ಪದ್ಯ ಮತ್ತು ಚೆಂಡೆಗಳನ್ನು ಆಮೇಲೆ ಅಷ್ಟು ಸುಲಭವಾಗಿ ಹೊಂದಿಸಲಾಗದು. ನಾಲ್ಕು, ಎಂಟು ಇನ್‌ಪುಟ್‌ಗಳ ಸಾಧನಗಳು ಪೂರ್ಣ ಮೇಳಕ್ಕೆ ತಕ್ಕವು. ವರ್ಷಕ್ಕೊಮ್ಮೆ ಬರುವ ಅಗತ್ಯಕ್ಕಾಗಿ ಅವನ್ನು ಕೊಳ್ಳುವುದು ಮಿತವ್ಯಯವಲ್ಲ.

ಮೈಕ್‌ನ ಬಗೆ ಮತ್ತು ಗೇನ್

ಮೈಕ್‌ಗಳಲ್ಲಿ ಮುಖ್ಯವಾಗಿ ಎರಡು ಬಗೆ. ಡೈನಮಿಕ್ ಮೈಕ್ ಗಟ್ಟಿಮುಟ್ಟಾದುದು, ಸುತ್ತಲ ಸದ್ದನ್ನು ಕಡಿಮೆ ಹಿಡಿಯುತ್ತದೆ, ಆದರೆ ಅದರ ಸಂಕೇತ ಬಹಳ ದುರ್ಬಲ. ಕಂಡೆನ್ಸರ್ ಮೈಕ್ ಸೂಕ್ಷ್ಮಗ್ರಾಹಿ, ಹೆಚ್ಚು ಸ್ಪಷ್ಟ. ಆದರೆ ಕೋಣೆಯ ಪ್ರತಿಧ್ವನಿಯನ್ನೂ ಹೊರಗಿನ ವಾಹನದ ಸದ್ದನ್ನೂ ಅಷ್ಟೇ ಸೂಕ್ಷ್ಮವಾಗಿ ಹಿಡಿಯುತ್ತದೆ. ವೇದಿಕೆಗಳಲ್ಲಿ ಸಾಮಾನ್ಯವಾಗಿ ಕಾಣುವ ಶೂರ್ ಎಸ್‌ಎಂ58 ಎಂಬ ಡೈನಮಿಕ್ ಮೈಕ್ ನಿರ್ದಿಷ್ಟ ಧ್ವನಿಮಟ್ಟಕ್ಕೆ ಕೊಡುವ ಸಂಕೇತ 1.85 ಮಿಲಿವೋಲ್ಟ್. ಅದೇ ಮಟ್ಟಕ್ಕೆ ಆಡಿಯೊ-ಟೆಕ್ನಿಕಾ ಎಟಿ2020 ಎಂಬ ಕಂಡೆನ್ಸರ್ ಮೈಕ್ ಕೊಡುವುದು ಸುಮಾರು 14 ಮಿಲಿವೋಲ್ಟ್, ಅಂದರೆ ಏಳು ಪಟ್ಟಿಗಿಂತ ಹೆಚ್ಚು.

ಕಂಡೆನ್ಸರ್ ಮೈಕ್‌ಗೆ ವಿದ್ಯುತ್ ಬೇಕು. ಇಂಟರ್‌ಫೇಸ್ ಅದನ್ನು ಮೈಕ್‌ನ ತಂತಿಯಲ್ಲೇ 48 ವೋಲ್ಟ್ ಆಗಿ ಒದಗಿಸುತ್ತದೆ. ಇದಕ್ಕೆ ಫ್ಯಾಂಟಮ್ ಪವರ್ ಎಂದು ಹೆಸರು. ಪೆಟ್ಟಿಗೆಯ ಮೇಲೆ ‘48’ ಎಂಬ ಗುರುತಿನ ಗುಂಡಿ ಇದೆಯೇ ಎಂದು ನೋಡಬೇಕು. ಮೈಕ್ ಜೋಡಿಸಿದ ಮೇಲೆ ಅದನ್ನು ಹಾಕುವುದು, ಮೈಕ್ ಕಳಚುವ ಮೊದಲು ಆರಿಸುವುದು ಒಳ್ಳೆಯ ಅಭ್ಯಾಸ.

ಡೈನಮಿಕ್ ಮೈಕ್ ಬಳಸುವವರು ಇಂಟರ್‌ಫೇಸ್‌ನ ಗೇನ್, ಅಂದರೆ ಸಂಕೇತವನ್ನು ಬಲಪಡಿಸುವ ಸಾಮರ್ಥ್ಯ ಎಷ್ಟೆಂದು ಗಮನಿಸಬೇಕು. ಮೆಲುದನಿಯ ಅಜ್ಜಿಯೊಬ್ಬರು ಡೈನಮಿಕ್ ಮೈಕ್ ಮುಂದೆ ಜೋಗುಳ ಹಾಡಿದರೆ 60 ಡೆಸಿಬೆಲ್ ಅಥವಾ ಅದಕ್ಕೂ ಹೆಚ್ಚಿನ ಗೇನ್ ಬೇಕಾಗಬಹುದು. ಸ್ಕಾರ್ಲೆಟ್ 2ಐ2 ಮೂರನೆಯ ಪೀಳಿಗೆಯಲ್ಲಿ ಗೇನ್ ವ್ಯಾಪ್ತಿ 56 ಡೆಸಿಬೆಲ್ ಇತ್ತು. 2023ರಲ್ಲಿ ಬಂದ ನಾಲ್ಕನೆಯ ಪೀಳಿಗೆಯಲ್ಲಿ 69ಕ್ಕೆ ಏರಿತು. ಅದೇ ಪೀಳಿಗೆಯ ಸೋಲೊ ಮಾದರಿಯಲ್ಲಿ ಅದು 57, ಇವೊ 4ರಲ್ಲಿ 58. ಗೇನ್ ಕಡಿಮೆಯಿರುವ ಸಾಧನಕ್ಕೆ ಕಂಡೆನ್ಸರ್ ಮೈಕ್ ಹೊಂದುತ್ತದೆ. ಹೀಗೆ ಮೈಕ್ ಮತ್ತು ಇಂಟರ್‌ಫೇಸ್‌ಗಳನ್ನು ಜೊತೆಯಾಗಿಯೇ ಆರಿಸಬೇಕು. ಒಂದನ್ನು ಕೊಂಡು ಆಮೇಲೆ ಇನ್ನೊಂದನ್ನು ಹುಡುಕುವುದು ಸರಿಯಲ್ಲ.

ಅಂಕಿಗಳ ಮೋಹ

ಜಾಹೀರಾತುಗಳಲ್ಲಿ 96, 192 ಕಿಲೊಹರ್ಟ್ಸ್ ಎಂಬ ದೊಡ್ಡ ಅಂಕಿಗಳು ಕಾಣುತ್ತವೆ. ಸೆಕೆಂಡಿಗೆ ಎಷ್ಟು ಬಾರಿ ಧ್ವನಿಯನ್ನು ಅಳೆಯಲಾಗುತ್ತದೆ ಎಂಬುದನ್ನು ಅವು ಸೂಚಿಸುತ್ತವೆ. ಒಂದು ಆವರ್ತನವನ್ನು ಸರಿಯಾಗಿ ಹಿಡಿಯಲು ಅದರ ಇಮ್ಮಡಿಗಿಂತ ಹೆಚ್ಚು ಬಾರಿ ಅಳೆದರೆ ಸಾಕು. ಮನುಷ್ಯನ ಕಿವಿ ಕೇಳಬಲ್ಲ ಗರಿಷ್ಠ ಮಿತಿ ಸುಮಾರು 20,000 ಹರ್ಟ್ಸ್. ಸಿಡಿಯ ಅಳತೆ 44,100, ವಿಡಿಯೊಗಳ ಅಳತೆ 48,000. ಶಾಲೆಯ ಬಳಕೆಗೆ 48 ಕಿಲೊಹರ್ಟ್ಸ್ ಧಾರಾಳವಾಯಿತು. ಅದಕ್ಕಿಂತ ಹೆಚ್ಚಿನದಕ್ಕೆ ಹಣ ಕೊಡಬೇಕಾಗಿಲ್ಲ.

ಬಿಟ್‌ಗಳ ಸಂಖ್ಯೆ ಮಂದ್ರ ಧ್ವನಿಗೂ ಗಟ್ಟಿ ಧ್ವನಿಗೂ ನಡುವಿನ ಅಂತರವನ್ನು ಎಷ್ಟರ ಮಟ್ಟಿಗೆ ಹಿಡಿಯಬಹುದೆಂಬುದನ್ನು ಹೇಳುತ್ತದೆ. ಒಂದು ಬಿಟ್‌ಗೆ ಸುಮಾರು 6 ಡೆಸಿಬೆಲ್‌ನಂತೆ 16 ಬಿಟ್‌ಗೆ 96, 24 ಬಿಟ್‌ಗೆ ಸಿದ್ಧಾಂತದ ಪ್ರಕಾರ 144 ಡೆಸಿಬೆಲ್. ಯುಎಂ2, ಯುಎಂಸಿ22ರಂತಹ ಅಗ್ಗದ ಮಾದರಿಗಳು 16 ಬಿಟ್‌ನವು. ವಾಚನಕ್ಕೆ ಅಷ್ಟು ಸಾಕು, ಏಕೆಂದರೆ ತರಗತಿಯ ಕೋಣೆಯ ಸದ್ದೇ ಅದಕ್ಕಿಂತ ಬಹಳ ಮೇಲಿರುತ್ತದೆ. 24 ಬಿಟ್‌ನ ಲಾಭವೆಂದರೆ ಮಟ್ಟವನ್ನು ತಗ್ಗಿಸಿಯೇ ಇಟ್ಟು, ಆಮೇಲೆ ಏರಿಸಿದರೂ ನಷ್ಟವಾಗದಿರುವುದು. ಹಾಡು ಮುದ್ರಿಸುವವರಿಗೆ, ಹೊಸದಾಗಿ ಕಲಿಯುವವರಿಗೆ ಇದು ನಿಜವಾದ ಅನುಕೂಲ.

ಕಂಪ್ಯೂಟರ್‌ನೊಡನೆ ಹೊಂದಾಣಿಕೆ

ಕೇರಳದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಕಂಪ್ಯೂಟರ್‌ಗಳಲ್ಲಿ ಕೈಟ್ ಸಂಸ್ಥೆಯು ಉಬುಂಟು ಆಧರಿಸಿ ರೂಪಿಸಿದ ಮುಕ್ತ ತಂತ್ರಾಂಶ ವ್ಯವಸ್ಥೆ ಬಳಕೆಯಲ್ಲಿದೆ. ಕಾಸರಗೋಡು, ವಯನಾಡುಗಳ ಶಿಕ್ಷಕರು ವಿಂಡೋಸ್‌ಗೆ ಮಾತ್ರ ಹೊಂದುವ ಸಾಧನವನ್ನು ಕೊಂಡರೆ ಶಾಲೆಯಲ್ಲಿ ಅದು ಉಪಯೋಗಕ್ಕೆ ಬಾರದು. ಯುಎಸ್‌ಬಿಯ ಸಾಮಾನ್ಯ ನಿಯಮಗಳನ್ನು ಪಾಲಿಸುವ, ‘ಕ್ಲಾಸ್ ಕಂಪ್ಲಯಂಟ್’ ಎಂದು ಕರೆಯುವ ಸಾಧನಗಳು ಪ್ರತ್ಯೇಕ ಚಾಲಕ ತಂತ್ರಾಂಶವಿಲ್ಲದೆ ಲಿನಕ್ಸ್‌ನಲ್ಲಿಯೂ ಮ್ಯಾಕ್‌ನಲ್ಲಿಯೂ ನಡೆಯುತ್ತವೆ. ತಕ್ಕ ಜೋಡಣೆಯಿದ್ದರೆ ಅನೇಕ ಮೊಬೈಲ್‌ಗಳಲ್ಲಿಯೂ ನಡೆಯುತ್ತವೆ. ವಿಂಡೋಸ್ ಬಳಸುವವರು ತಯಾರಕರೇ ಕೊಡುವ ಎಎಸ್‌ಐಒ ಚಾಲಕ ಇದೆಯೇ ಎಂದು ನೋಡಿಕೊಳ್ಳುವುದು ಒಳ್ಳೆಯದು. ಮುದ್ರಣಕ್ಕೆ ಆಡಾಸಿಟಿ ಎಂಬ ಉಚಿತ ತಂತ್ರಾಂಶ ಈ ಮೂರೂ ವ್ಯವಸ್ಥೆಗಳಲ್ಲಿ ದೊರೆಯುತ್ತದೆ.

ಹಳೆಯ ಲ್ಯಾಪ್‌ಟಾಪ್ ಆದರೂ ಚಿಂತಿಸಬೇಕಾಗಿಲ್ಲ. ಎರಡು ಮೈಕ್‌ಗಳ 24 ಬಿಟ್, 48 ಕಿಲೊಹರ್ಟ್ಸ್ ಮುದ್ರಣಕ್ಕೆ ಸೆಕೆಂಡಿಗೆ 2.3 ಮೆಗಾಬಿಟ್ ಸಾಕು, ಯುಎಸ್‌ಬಿ 2.0ರ ಗರಿಷ್ಠ ವೇಗ ಸೆಕೆಂಡಿಗೆ 480 ಮೆಗಾಬಿಟ್. ಇಲ್ಲಿ ಹೇಳಿದಂತಹ ಸಣ್ಣ ಇಂಟರ್‌ಫೇಸ್‌ಗಳು ಯುಎಸ್‌ಬಿ ತಂತಿಯಿಂದಲೇ ವಿದ್ಯುತ್ ಪಡೆಯುವುದರಿಂದ ಕರೆಂಟ್ ಹೋದಾಗಲೂ ಲ್ಯಾಪ್‌ಟಾಪ್‌ನ ಬ್ಯಾಟರಿಯ ಮೇಲೆ ಕೆಲಸ ಮುಂದುವರಿಯುತ್ತದೆ. ಮುದ್ರಣದಲ್ಲಿ ‘ಗುಂಯ್’ ಎಂಬ 50 ಹರ್ಟ್ಸ್ ಸದ್ದು ಕೇಳಿಬಂದರೆ ಚಾರ್ಜರ್ ಕಳಚಿ ಬ್ಯಾಟರಿಯಲ್ಲೇ ನಡೆಸಿ ನೋಡಬೇಕು. ಅನೇಕ ಸಲ ಸದ್ದು ಅಷ್ಟರಿಂದಲೇ ನಿಲ್ಲುತ್ತದೆ.

ಹಾಡುಗಾರರು ತಮ್ಮ ಧ್ವನಿಯನ್ನು ಹೆಡ್‌ಫೋನ್‌ನಲ್ಲಿ ಕೇಳುವಾಗ ಅದು ಕಂಪ್ಯೂಟರ್‌ನೊಳಗೆ ಹೋಗಿ ಮರಳುವಷ್ಟರಲ್ಲಿ ತಡವಾಗುತ್ತದೆ. ತಡ ಹೆಚ್ಚಾದರೆ ತಾಳ ತಪ್ಪುತ್ತದೆ. ‘ಡೈರೆಕ್ಟ್ ಮಾನಿಟರ್’ ಎಂಬ ಗುಂಡಿಯಿರುವ ಸಾಧನವು ಮೈಕ್‌ನ ಧ್ವನಿಯನ್ನು ಕಂಪ್ಯೂಟರ್‌ಗೆ ಸುತ್ತಿಸದೆ ನೇರವಾಗಿ ಕಿವಿಗೆ ಕೊಡುತ್ತದೆ. ಈ ಸೌಲಭ್ಯವಿಲ್ಲದ ಸಾಧನವನ್ನು ಹಾಡಿನ ಕೆಲಸಕ್ಕೆ ಕೊಳ್ಳಬಾರದು. ಇದೇ ಕಾರಣಕ್ಕೆ ತಂತಿಯಿಲ್ಲದ ಬ್ಲೂಟೂತ್ ಹೆಡ್‌ಫೋನ್ ಮುದ್ರಣದ ವೇಳೆ ತಕ್ಕದಲ್ಲ.

ಹಣದ ಹಂಚಿಕೆ

ಇದ್ದ ಹಣವನ್ನೆಲ್ಲ ಇಂಟರ್‌ಫೇಸ್‌ಗೇ ಸುರಿದು ಮೈಕ್‌ಗೆ ಚಿಲ್ಲರೆ ಉಳಿಸಿಕೊಳ್ಳುವುದು ತಪ್ಪು. ಪೆಟ್ಟಿಗೆ, ಮೈಕ್, ಎಕ್ಸ್‌ಎಲ್‌ಆರ್ ತಂತಿ, ಸ್ಟ್ಯಾಂಡ್, ಕಿವಿ ಮುಚ್ಚುವ ಹೆಡ್‌ಫೋನ್ ಈ ಐದನ್ನೂ ಒಂದೇ ಪಟ್ಟಿಯಲ್ಲಿ ಬರೆದು, ಇಂಟರ್‌ಫೇಸ್‌ನ ಪಾಲು ಅರ್ಧವನ್ನು ಮೀರದಂತೆ ನೋಡಿಕೊಳ್ಳುವುದು ಹಿತ. ಸ್ಟ್ಯಾಂಡ್ ಇಲ್ಲದೆ ಕೈಯಲ್ಲಿ ಹಿಡಿದ ಮೈಕ್ ಬೆರಳಿನ ಸದ್ದನ್ನೆಲ್ಲ ಮುದ್ರಿಸುತ್ತದೆ. ಎಕ್ಸ್‌ಎಲ್‌ಆರ್ ತಂತಿಯಲ್ಲಿ ಒಂದೇ ಸಂಕೇತವು ಎರಡು ಎಳೆಗಳಲ್ಲಿ ಸಾಗಿ, ದಾರಿಯಲ್ಲಿ ಸೇರಿಕೊಂಡ ವಿದ್ಯುತ್ ಗದ್ದಲ ಕೊನೆಯಲ್ಲಿ ಪರಸ್ಪರ ರದ್ದಾಗುತ್ತದೆ. ಇಬ್ಬರು ಮೂವರು ಶಿಕ್ಷಕರು ಅಥವಾ ಹತ್ತಿರದ ಎರಡು ಶಾಲೆಗಳು ಕೂಡಿ ಒಂದು ಸಾಧನವನ್ನು ಕೊಳ್ಳುವುದೂ ಸಾಧ್ಯ. ಅದು ಒಂದು ಡಬ್ಬಿಯಲ್ಲಿ ಹಿಡಿಯುವಷ್ಟು ಚಿಕ್ಕದು.

ಕೋಣೆಯ ಸಿದ್ಧತೆ

ಅಗ್ಗದ ಇಂಟರ್‌ಫೇಸ್‌ಗೂ ದುಬಾರಿಯದಕ್ಕೂ ಇರುವ ವ್ಯತ್ಯಾಸಕ್ಕಿಂತ ಒಳ್ಳೆಯ ಕೋಣೆಗೂ ಕೆಟ್ಟ ಕೋಣೆಗೂ ಇರುವ ವ್ಯತ್ಯಾಸ ದೊಡ್ಡದು. ಸಿಮೆಂಟ್ ಗೋಡೆ, ತಗಡಿನ ಮಾಡು, ಬರಿಯ ನೆಲವಿರುವ ತರಗತಿಯಲ್ಲಿ ಧ್ವನಿ ಗೋಡೆಯಿಂದ ಗೋಡೆಗೆ ಪುಟಿಯುತ್ತದೆ. ಬಟ್ಟೆಬರೆ, ಹಾಸಿಗೆಗಳಿರುವ ಮನೆಯ ಸಣ್ಣ ಕೋಣೆಯೇ ಇದಕ್ಕಿಂತ ಮೇಲು. ಹಾಡುಗಾರರ ಹಿಂದೆ ಮತ್ತು ಪಕ್ಕದಲ್ಲಿ ಹಗ್ಗ ಕಟ್ಟಿ ದಪ್ಪನೆಯ ಕೌದಿಗಳನ್ನು ಇಳಿಬಿಟ್ಟರೆ, ನೆಲಕ್ಕೆ ಜಮಖಾನೆ ಹಾಸಿದರೆ ಪ್ರತಿಧ್ವನಿ ಗಮನಾರ್ಹವಾಗಿ ತಗ್ಗುತ್ತದೆ. ಫ್ಯಾನ್ ಆರಿಸಬೇಕು. ಮೈಕ್‌ಗೂ ಬಾಯಿಗೂ ನಡುವಿನ ದೂರವನ್ನು ಅರ್ಧಕ್ಕೆ ಇಳಿಸಿದರೆ ನೇರ ಧ್ವನಿ ಸುಮಾರು 6 ಡೆಸಿಬೆಲ್ ಏರುತ್ತದೆ, ಕೋಣೆಯ ಸದ್ದು ಇದ್ದಲ್ಲೇ ಇರುತ್ತದೆ. ಇದಕ್ಕೆ ಖರ್ಚಿಲ್ಲ. ಒಂದು ಗೇಣಿನ ದೂರ ಮಾತಿಗೂ ಹಾಡಿಗೂ ತಕ್ಕುದು. ಪ, ಫ, ಬ, ಭಗಳನ್ನು ಉಚ್ಚರಿಸುವಾಗ ಹೊಮ್ಮುವ ಗಾಳಿ ಮೈಕ್‌ಗೆ ಬಡಿಯದಂತೆ ಅದನ್ನು ಬಾಯಿಯ ನೇರಕ್ಕಿಡದೆ ಸ್ವಲ್ಪ ಓರೆಯಾಗಿಡಬೇಕು.

ಮುದ್ರಣ ಮತ್ತು ಸಂರಕ್ಷಣೆ

ಮೊದಲು ಹಾಡಿನ ಅತಿ ಗಟ್ಟಿಯಾದ ಭಾಗವನ್ನು ಹಾಡಿಸಿ ನೋಡಬೇಕು. ಆಗ ಮಟ್ಟಸೂಚಿಯ ತುದಿ ಸೊನ್ನೆಗಿಂತ 12 ಡೆಸಿಬೆಲ್ ಕೆಳಗೆ ನಿಲ್ಲುವಂತೆ ಗೇನ್ ತಿರುವಬೇಕು. ಸೊನ್ನೆಯನ್ನು ಮೀರಿದ ಧ್ವನಿ ಒಡೆದುಹೋಗುತ್ತದೆ. ಒಡೆದುದನ್ನು ಪೂರ್ತಿಯಾಗಿ ಸರಿಪಡಿಸುವ ದಾರಿಯಿಲ್ಲ. ತಗ್ಗಿದ ಧ್ವನಿಯನ್ನಾದರೋ ಏರಿಸಿಕೊಳ್ಳಬಹುದು. ಹಾಡಿನ ಮೊದಲು ಹತ್ತು ಸೆಕೆಂಡು ಬರಿಯ ಮೌನವನ್ನೂ ಮುದ್ರಿಸಿಕೊಂಡರೆ ಕೋಣೆಯ ಸದ್ದು ಎಷ್ಟೆಂಬುದು ತಿಳಿಯುತ್ತದೆ.

ಮೂಲ ಕಡತವನ್ನು ವೇವ್ ರೂಪದಲ್ಲೇ ಇಡಬೇಕು. 24 ಬಿಟ್, 48 ಕಿಲೊಹರ್ಟ್ಸ್‌ನ ಒಂದು ಪಟ್ಟಿ ನಿಮಿಷಕ್ಕೆ ಸುಮಾರು 8.6 ಮೆಗಾಬೈಟ್, ಗಂಟೆಗೆ 518 ಮೆಗಾಬೈಟ್ ಜಾಗ ಹಿಡಿಯುತ್ತದೆ. ಮಕ್ಕಳಿಗೆ ಹಂಚಲು ಎಂಪಿ3 ಪ್ರತಿ ಮಾಡಬಹುದು. ಆದರೆ ಅದರಲ್ಲಿ ಬಿಟ್ಟುಹೋದ ಧ್ವನಿವಿವರ ಮರಳಿ ಬಾರದು. ಕಡತದ ಹೆಸರಿನಲ್ಲಿ ಊರು, ದಿನಾಂಕ, ಹಾಡಿನ ಬಗೆ ಇರಲಿ. ಹಾಡಿದವರ ಒಪ್ಪಿಗೆಯನ್ನು ಮೊದಲೇ ಪಡೆದು, ಯಾವ ಉಪಯೋಗಕ್ಕೆ ಎಂಬುದನ್ನು ತಿಳಿಸಿ, ಅವರಿಗೂ ಒಂದು ಪ್ರತಿಯನ್ನು ಕೊಡುವುದು ಶಿಕ್ಷಕರ ಕರ್ತವ್ಯ. ಪ್ರತಿಗಳು ಕನಿಷ್ಠ ಮೂರಿರಲಿ. ಅವುಗಳಲ್ಲಿ ಒಂದು ಬೇರೆ ಕಟ್ಟಡದಲ್ಲಿರಲಿ.

ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳು

1. ಏಕಕಾಲಕ್ಕೆ ಎಷ್ಟು ಮೈಕ್ ಬೇಕು? ಎಕ್ಸ್‌ಎಲ್‌ಆರ್ ಕಿಂಡಿಗಳು ಅಷ್ಟಿವೆಯೇ?
2. ಬಳಸುವ ಮೈಕ್ ಯಾವ ಬಗೆಯದು? ಡೈನಮಿಕ್ ಆದರೆ ಗೇನ್ ಸಾಕೇ? ಕಂಡೆನ್ಸರ್ ಆದರೆ 48 ವೋಲ್ಟ್ ಇದೆಯೇ?
3. ಶಾಲೆಯ ಕಂಪ್ಯೂಟರ್ ವ್ಯವಸ್ಥೆಗೆ ಸಾಧನ ಹೊಂದುತ್ತದೆಯೇ?
4. ಡೈರೆಕ್ಟ್ ಮಾನಿಟರ್ ಸೌಲಭ್ಯವಿದೆಯೇ?
5. ಮೈಕ್, ತಂತಿ, ಸ್ಟ್ಯಾಂಡ್, ಹೆಡ್‌ಫೋನ್‌ಗಳಿಗೆ ಹಣ ಉಳಿಯುತ್ತದೆಯೇ?

ಸಾಧನ ಕೈಸೇರಿದ ಮೇಲೆ ತರಗತಿಯಲ್ಲಿ ಮೊದಲು ಮಾಡಬಹುದಾದ ಚಟುವಟಿಕೆ ಸರಳವಾದುದು. ಪಠ್ಯದ ಒಂದೇ ಪದ್ಯವನ್ನು ಶಿಕ್ಷಕರೊಮ್ಮೆ, ಒಂದು ಮಗು ಒಮ್ಮೆ ಓದಿ ಮುದ್ರಿಸಬೇಕು. ಎರಡನ್ನೂ ಕೇಳಿಸಿ, ಎಲ್ಲಿ ‘ಳ’ಕಾರ ‘ಲ’ಕಾರವಾಯಿತು, ಎಲ್ಲಿ ಮಹಾಪ್ರಾಣ ಸಡಿಲವಾಯಿತು ಎಂಬುದನ್ನು ಮಕ್ಕಳಿಂದಲೇ ಗುರುತಿಸಿಸಬೇಕು. ತನ್ನ ಕನ್ನಡವನ್ನು ಹೊರಗಿನಿಂದ ಕೇಳುವ ಅವಕಾಶ ಬಹಳ ಮಕ್ಕಳಿಗೆ ಅದೇ ಮೊದಲು. ತಿದ್ದುವ ಕೆಲಸದ ಬಹುಪಾಲನ್ನು ಆಮೇಲೆ ಅವರ ಕಿವಿಯೇ ಮಾಡಿಕೊಳ್ಳುತ್ತದೆ. ಎರಡನೆಯ ವಾರದ ಹೊತ್ತಿಗೆ ಮಕ್ಕಳು ತಮ್ಮ ಮನೆಯ ಹಿರಿಯರಲ್ಲಿ ಯಾರಿಗೆ ಯಾವ ಹಾಡು ಬರುತ್ತದೆಂಬ ಪಟ್ಟಿಯನ್ನು ತರಲಿ. ಮುದ್ರಣವನ್ನು ಆ ಪಟ್ಟಿಯಲ್ಲಿ ಅತ್ಯಂತ ಹಿರಿಯರಿಂದ ಆರಂಭಿಸುವುದು ಉಚಿತ.